ವಿಡಿಯೊ ಗೇಮ್‌ನ ಧರ್ಮಸಂಕಟ: ಆಟದಲ್ಲಿ ಒಳಗೆ ಬಿಟ್ಟವಳು, ಹಗಲಲ್ಲಿ ವಾಪಸ್ ಹೋದವಳು

ಅರ್ಸ್ಟೋಟ್ಜ್ಕಾ ಅಂತ ಒಂದು ದೇಶ. ಭೂಪಟದಲ್ಲಿ ಹುಡುಕಬೇಡಿ, ಸಿಗಲ್ಲ. 1982ರ ನವೆಂಬರ್ ತಿಂಗಳು. ನೀವು ಆ ದೇಶದ ಗಡಿಯಲ್ಲಿ ಪಾಸ್‌ಪೋರ್ಟ್ ನೋಡುವ ಗುಮಾಸ್ತ. ದಿನಕ್ಕೆ ಎಷ್ಟು ಜನರ ಕಾಗದ ಸರಿಯಾಗಿ ನೋಡ್ತೀರೋ ಅಷ್ಟಕ್ಕೆ ಸಂಬಳ. ಮನೆಯಲ್ಲಿ ಹೆಂಡತಿ, ಮಗ, ಅತ್ತೆ ಎಲ್ಲ ಇದ್ದಾರೆ. ಸಂಜೆ ಲೆಕ್ಕ ಹಾಕಬೇಕು: ಊಟವೋ, ಚಳಿಗೆ ಬೆಂಕಿಯೋ, ಔಷಧಿಯೋ.

ಆರಂಭದ ದಿನಗಳಲ್ಲೇ ಒಬ್ಬ ಗಂಡಸು ಬರ್ತಾನೆ. ಕಾಗದ ಎಲ್ಲ ಸರಿ ಇವೆ, ಸೀಲು ಹಾಕ್ತೀರಿ. ನನ್ನ ಹೆಂಡತಿ ಹಿಂದೆ ನಿಂತಿದ್ದಾಳೆ, ಸ್ವಲ್ಪ ಕರುಣೆ ಇರಲಿ ಅಂತ ಹೇಳಿ ಒಳಗೆ ಹೋಗ್ತಾನೆ. ಅವಳು ಬರ್ತಾಳೆ. ಅವಳ ಹತ್ತಿರ ಪ್ರವೇಶ ಪರವಾನಗಿ ಇಲ್ಲ. ವಾಪಸ್ ಹೋದ್ರೆ ಕೊಲ್ತಾರೆ ಅಂತಾಳೆ. ಈಗ ನಿಮ್ಮ ಕೈಯಲ್ಲಿ ಎರಡು ಸೀಲು, ಒಂದು ಹಸಿರು, ಒಂದು ಕೆಂಪು.

ಈ ಆಟದ ಹೆಸರು 'ಪೇಪರ್ಸ್, ಪ್ಲೀಸ್'. ಲ್ಯೂಕಸ್ ಪೋಪ್ ಎಂಬ ಒಬ್ಬನೇ ಡೆವಲಪರ್ ಮಾಡಿ 2013ರಲ್ಲಿ ಬಿಡುಗಡೆ ಮಾಡಿದ್ದು. ನಾನು ಆಡಿದ್ದು ಕೊಪ್ಪಳ ತಾಲೂಕಿನ ಇರಕಲ್ಲಗಡದಲ್ಲಿ, ಗೆಳೆಯನ ಹಳೇ ಲ್ಯಾಪ್‌ಟಾಪ್‌ನಲ್ಲಿ, ರಾತ್ರಿ ಹೊತ್ತು. ಅವಳನ್ನು ಒಳಗೆ ಬಿಟ್ಟೆ. ಎಚ್ಚರಿಕೆ ಚೀಟಿ ಬಂತು. ಪರವಾಗಿಲ್ಲ ಅನ್ಕೊಂಡೆ.

ಆದ್ರೆ ಆ ರಾತ್ರಿ ನಿದ್ದೆ ಬರಲಿಲ್ಲ. ಕಾರಣ ಆಟವಲ್ಲ. ಆಗ ನಾನು ಒಂದು ಸೇವಾ ಕೇಂದ್ರದಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕೆಲಸದಲ್ಲಿದ್ದೆ. ಯಾವ ಊರಿನದು ಅನ್ನೋದು ಇಲ್ಲಿ ಬೇಡ. ಆ ದಿನ ಮಧ್ಯಾಹ್ನವೇ ಒಬ್ಬ ಅಜ್ಜಿಯನ್ನು ಬೆರಳಚ್ಚು ಹೊಂದಲಿಲ್ಲ ಅಂತ ವಾಪಸ್ ಕಳಿಸಿದ್ದೆ. ಪಿಂಚಣಿ ಕೆಲಸ. ಅವರು ಬಂದದ್ದು ಅದು ನಾಲ್ಕನೇ ಸಲ. ಕಳೆ ಕಿತ್ತು, ಕಲ್ಲು ಹೊತ್ತು ಬೆರಳಿನ ಗೆರೆಗಳೇ ಸವೆದು ಹೋಗಿದ್ದವು. "ಇನ್ನೊಮ್ಮಿ ಒತ್ತಲೇನಪ್ಪಾ?" ಅಂದ್ರು. "ಸಿಸ್ಟಮ್ ತಗೊಳ್ಳಾಕತ್ತಿಲ್ಲ ಯವ್ವಾ, ಮುಂದಿನ ವಾರ ಬಾ" ಅಂದೆ.

ವಿಡಿಯೊ ಗೇಮ್‌ಗಳಲ್ಲಿ ಬರುವ ಧರ್ಮಸಂಕಟದ ಬಗ್ಗೆ ಈ ಲೇಖನ. ಅವು ಹೇಗೆ ಕೆಲಸ ಮಾಡುತ್ತವೆ, ಯಾಕೆ ನಾಟುತ್ತವೆ, ಎಲ್ಲಿ ಸುಳ್ಳಾಗುತ್ತವೆ, ಮತ್ತು ನಮ್ಮ ಕಡೆಯ ಬದುಕಿಗೂ ಅದಕ್ಕೂ ಏನು ಸಂಬಂಧ ಅಂತ ಒಂದು ಕಡೆ ಇಟ್ಟು ನೋಡುವ ಪ್ರಯತ್ನ. (ಕೆಲವು ಆಟಗಳ ಕಥೆಯ ಗುಟ್ಟು ಇಲ್ಲಿ ಬಯಲಾಗುತ್ತೆ. ಬೇಡ ಅನ್ನೋರು ಮೊದಲು ಆಡಿ ಬನ್ನಿ.)

ದಾಳದಿಂದ ಬೆರಳಿಗೆ

ಆಟದಲ್ಲಿ ನೀತಿ ಸೇರಿಸುವುದು ಹೊಸದೇನಲ್ಲ. ನಮ್ಮ ಪರಮಪದ ಸೋಪಾನ ಪಟ ನೋಡಿ. ಏಣಿ ಅಂದ್ರೆ ಸದ್ಗುಣ, ಹಾವು ಅಂದ್ರೆ ದುರ್ಗುಣ, ಮೇಲೆ ಮುಟ್ಟಿದರೆ ಮೋಕ್ಷ. ಬ್ರಿಟಿಷರು ಅದನ್ನು ಕೊಂಡೊಯ್ದು ಮಕ್ಕಳ ಹಾವು-ಏಣಿ ಆಟ ಮಾಡಿಕೊಂಡರು. ಆದರೆ ಅಲ್ಲಿ ಆಡುವವನ ಆಯ್ಕೆ ಏನೂ ಇಲ್ಲ. ದಾಳ ಹೇಳಿದ ಹಾಗೆ ಕಾಯಿ ನಡೆಯುತ್ತೆ. ಹಾವು ಕಚ್ಚಿದರೆ ಅದು ಹಣೆಬರಹ.

ಕಂಪ್ಯೂಟರ್ ಆಟಗಳು ಈ ದಾಳವನ್ನು ಕಿತ್ತುಕೊಂಡು ಆಯ್ಕೆಯನ್ನು ಆಟಗಾರನ ಕೈಗೆ ಕೊಟ್ಟವು. 1985ರಲ್ಲಿ ಬಂದ ರಿಚರ್ಡ್ ಗ್ಯಾರಿಯಟ್ ಅವರ 'ಅಲ್ಟಿಮಾ 4' ಇದರ ದೊಡ್ಡ ಮೈಲಿಗಲ್ಲು. ಅದರಲ್ಲಿ ಕೊಲ್ಲಬೇಕಾದ ದೊಡ್ಡ ಖಳನಾಯಕನೇ ಇಲ್ಲ. ಎಂಟು ಸದ್ಗುಣಗಳನ್ನು ಸಾಧಿಸಿ 'ಅವತಾರ್' ಆಗೋದೇ ಗುರಿ. ಆ ಪದವನ್ನು ಗ್ಯಾರಿಯಟ್ ತೆಗೆದುಕೊಂಡದ್ದು ನಮ್ಮ 'ಅವತಾರ'ದಿಂದಲೇ. ಅಂಗಡಿಯಲ್ಲಿ ಕಣ್ಣಿಲ್ಲದ ವ್ಯಾಪಾರಿ ಇರ್ತಾಳೆ, ಎಷ್ಟು ದುಡ್ಡು ಕೊಡ್ತೀರಿ ಅನ್ನೋದು ನಿಮಗೆ ಬಿಟ್ಟದ್ದು. ಕಡಿಮೆ ಕೊಟ್ಟರೆ ಆಗ ಯಾರೂ ಏನೂ ಅನ್ನಲ್ಲ. ಆದ್ರೆ ಆಟ ಒಳಗೊಳಗೇ ಲೆಕ್ಕ ಇಟ್ಟಿರುತ್ತೆ.

ಪುಸ್ತಕ, ಸಿನಿಮಾಗಳಿಗೂ ಆಟಕ್ಕೂ ಇರುವ ವ್ಯತ್ಯಾಸ ಇಲ್ಲೇ ಶುರುವಾಗೋದು. ಸಿನಿಮಾದಲ್ಲಿ ತಪ್ಪು ಮಾಡಿದವನು ನಾಯಕ, ನಾವು ಅವನಿಗಾಗಿ ಅಳ್ತೀವಿ. ಆಟದಲ್ಲಿ ಬಟನ್ ಒತ್ತಿದ್ದು ನನ್ನ ಹೆಬ್ಬೆರಳು. ದುಃಖ, ಸಿಟ್ಟು ಸಿನಿಮಾದಲ್ಲೂ ಬರುತ್ತೆ. ತಪ್ಪಿತಸ್ಥ ಭಾವ ಮಾತ್ರ ಆಟದಲ್ಲಿ ಬಂದಷ್ಟು ಸುಲಭವಾಗಿ ಬೇರೆ ಕಡೆ ಬರಲ್ಲ.

ಅಂಕ ಕೊಟ್ಟರೆ ನೀತಿ ವ್ಯಾಪಾರ ಆಗುತ್ತೆ

ಆದ್ರೆ ಬಹಳಷ್ಟು ಆಟಗಳು ಈ ಶಕ್ತಿಯನ್ನು ಹಾಳು ಮಾಡಿಕೊಳ್ಳುತ್ತವೆ. ಒಳ್ಳೇದು ಮಾಡಿದ್ರೆ ಇಷ್ಟು ಅಂಕ, ಕೆಟ್ಟದ್ದು ಮಾಡಿದ್ರೆ ಅಷ್ಟು ಅಂಕ ಅಂತ ಒಂದು ಮೀಟರ್ ಇಟ್ಟುಬಿಡ್ತವೆ. ಆಗ ಆಟಗಾರ ಯೋಚನೆ ಮಾಡೋದು ಯಾವುದು ಸರಿ ಅಂತಲ್ಲ, ಯಾವುದರಿಂದ ಲಾಭ ಅಂತ.

2007ರ 'ಬಯೋಶಾಕ್' ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ. ಅದರಲ್ಲಿ ಪುಟ್ಟ ಹುಡುಗಿಯರನ್ನು ಕೊಂದು ಅವರೊಳಗಿನ 'ಆಡಂ' ಎಂಬ ವಸ್ತುವನ್ನು ಪೂರ್ತಿ ದೋಚಬಹುದು, ಇಲ್ಲ ಅವರನ್ನು ಬಿಡುಗಡೆ ಮಾಡಿ ಅದರ ಅರ್ಧದಷ್ಟು ಪಡೀಬಹುದು. ಓದೋಕೆ ದೊಡ್ಡ ಧರ್ಮಸಂಕಟ. ಆದ್ರೆ ಬಿಡುಗಡೆ ಮಾಡಿದವನಿಗೆ ಆಮೇಲೆ ಉಡುಗೊರೆಗಳು ಬಂದು ನಷ್ಟ ಹೆಚ್ಚುಕಡಿಮೆ ತುಂಬಿಹೋಗುತ್ತೆ. ಅಂದ್ರೆ ಒಳ್ಳೆಯತನ ಇಲ್ಲಿ ಒಂದು ಫಿಕ್ಸೆಡ್ ಡೆಪಾಸಿಟ್.

ಇಂಥ ಆಟ ನಮಗೆ ಗೊತ್ತಿರುವ ರಾಜಕಾರಣದ ಹಾಗೇ ಇದೆ. ಫೋಟೊ ತೆಗೆಸಿಕೊಂಡು ಕಂಬಳಿ ಹಂಚೋದು, ಲೆಕ್ಕ ಇಟ್ಟು ದಾನ ಮಾಡೋದು. ನಿಜವಾದ ಧರ್ಮಸಂಕಟದಲ್ಲಿ ಸರಿಯಾದ್ದು ಮಾಡಿದವನಿಗೆ ನಷ್ಟ ಆಗುತ್ತೆ, ಮತ್ತು ಆ ನಷ್ಟ ಯಾರೂ ತುಂಬಿಕೊಡಲ್ಲ.

ನಾಟುವ ಆಟಗಳು ಮಾಡುವ ನಾಲ್ಕು ಕೆಲಸ

ನನಗೆ ತಿಳಿದ ಮಟ್ಟಿಗೆ, ಆಡಿ ಮುಗಿಸಿದ ಮೇಲೂ ಬಿಡದೆ ಕಾಡುವ ಆಟಗಳು ನಾಲ್ಕು ದಾರಿ ಹಿಡಿಯುತ್ತವೆ.

ಒಂದು, ಕೊರತೆ. ಪೋಲೆಂಡಿನ 11 ಬಿಟ್ ಸ್ಟುಡಿಯೋಸ್ 2014ರಲ್ಲಿ 'ದಿಸ್ ವಾರ್ ಆಫ್ ಮೈನ್' ತಂದಿತು. ಬೋಸ್ನಿಯಾದ ಸರಾಯೆವೊ ನಗರವನ್ನು 1992ರಿಂದ 1996ರವರೆಗೆ ಮುತ್ತಿಗೆ ಹಾಕಿದ್ದರಲ್ಲ, ಅದರಿಂದ ಪ್ರೇರಣೆ ಪಡೆದ ಆಟ. ಇಲ್ಲಿ ನೀವು ಸೈನಿಕ ಅಲ್ಲ, ಮುರಿದ ಮನೆಯಲ್ಲಿ ಅಡಗಿರುವ ಸಾಮಾನ್ಯ ಜನ. ರಾತ್ರಿ ಹೊರಗೆ ಹೋಗಿ ಅನ್ನ, ಔಷಧಿ ಹುಡುಕಿ ತರಬೇಕು. ಒಂದು ಮನೆಯಲ್ಲಿ ಮುದಿ ಗಂಡಹೆಂಡತಿ ಇರ್ತಾರೆ. ಅವರ ಬೀರುವಿನಲ್ಲಿ ಎಲ್ಲ ಇದೆ, ಅವರಿಗೆ ತಡೆಯುವ ಶಕ್ತಿ ಇಲ್ಲ. ದೋಚಿಕೊಂಡು ಬಂದರೆ ನಿಮ್ಮ ಮನೆಯವರು ಉಣ್ತಾರೆ, ಆದ್ರೆ ಕದ್ದವನು ಮಂಕಾಗಿ ಕೂತುಬಿಡ್ತಾನೆ. 2020ರಲ್ಲಿ ಪೋಲೆಂಡ್ ಸರ್ಕಾರ ಈ ಆಟವನ್ನು ಪ್ರೌಢ ವಿದ್ಯಾರ್ಥಿಗಳ ಪೂರಕ ಓದಿನ ಪಟ್ಟಿಗೆ ಸೇರಿಸುವುದಾಗಿ ಘೋಷಿಸಿತು.

ಇದೇ ಕಂಪನಿಯ 'ಫ್ರಾಸ್ಟ್‌ಪಂಕ್' (2018) ಆಟದಲ್ಲಿ ಹಿಮದ ಮಧ್ಯೆ ಒಂದು ಊರು ಉಳಿಸಬೇಕು. ಕಲ್ಲಿದ್ದಲು ಸಾಲದು. ಮಕ್ಕಳನ್ನು ಕೆಲಸಕ್ಕೆ ಹಚ್ಚುವ ಕಾನೂನಿಗೆ ಸಹಿ ಹಾಕ್ತೀರಾ ಅಂತ ಆಟ ಕೇಳುತ್ತೆ. ಬೆಂಗಳೂರಿನಲ್ಲಿ ಕೂತವರಿಗೆ ಇದು ಕಲ್ಪನೆ. ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವಾಗ ಮಗುವನ್ನು ಶಾಲೆ ಬಿಡಿಸಿ ಕರೆದೊಯ್ಯಬೇಕೋ, ಅಜ್ಜಿ ಹತ್ತಿರ ಬಿಡಬೇಕೋ ಅಂತ ಲೆಕ್ಕ ಹಾಕಿದ ಮನೆಗಳು ಕೊಪ್ಪಳ, ರಾಯಚೂರು ಸೀಮೆಯಲ್ಲಿ ಯಾವ ಓಣಿಗೆ ಹೋದರೂ ಸಿಗುತ್ತವೆ.

ಎರಡು, ನಿಯಮ. 'ಪೇಪರ್ಸ್, ಪ್ಲೀಸ್' ಈ ಜಾತಿಯದು. ದಿನಕ್ಕೆ ಎರಡು ತಪ್ಪಿಗೆ ಎಚ್ಚರಿಕೆ, ಮೂರನೆಯದರಿಂದ ದಂಡ. ಅಂದ್ರೆ ಕರುಣೆಗೂ ಒಂದು ಕೋಟಾ ಇದೆ. ಎರಡು ಸಲ ಪುಕ್ಕಟೆ, ಆಮೇಲೆ ನಿಮ್ಮ ಮಗನ ಔಷಧಿಯಿಂದ ಕಟ್ಟಬೇಕು. ಇಲ್ಲಿ ಯಾರೂ ರಾಕ್ಷಸರಲ್ಲ, ಎಲ್ಲರೂ ಅವರವರ ಡ್ಯೂಟಿ ಮಾಡ್ತಿರ್ತಾರೆ.

ಮೂರು, ನೆನಪು. ಟೆಲ್‌ಟೇಲ್ ಕಂಪನಿಯ 'ದಿ ವಾಕಿಂಗ್ ಡೆಡ್' (2012) ಆಟದಲ್ಲಿ ಕ್ಲೆಮಂಟೈನ್ ಎಂಬ ಪುಟ್ಟ ಹುಡುಗಿ ನಿಮ್ಮ ಜತೆ ಇರ್ತಾಳೆ. ನೀವು ಸುಳ್ಳು ಹೇಳಿದ್ದು, ಕದ್ದದ್ದು, ಬಿಟ್ಟು ಬಂದದ್ದು ಎಲ್ಲ ಅವಳು ನೋಡ್ತಾಳೆ. ಪ್ರತಿ ಕಂತಿನ ಕೊನೆಗೆ ಜಗತ್ತಿನ ಎಷ್ಟು ಶೇಕಡಾ ಆಟಗಾರರು ನಿಮ್ಮಂತೆಯೇ ಆಯ್ಕೆ ಮಾಡಿದರು ಅಂತ ತೋರಿಸ್ತಾರೆ. ಟೋಬಿ ಫಾಕ್ಸ್ ಮಾಡಿದ 'ಅಂಡರ್‌ಟೇಲ್' (2015) ಇನ್ನೂ ಒಂದು ಹೆಜ್ಜೆ ಮುಂದೆ. ಅದರಲ್ಲಿ ಯಾರನ್ನೂ ಕೊಲ್ಲದೆ ಆಟ ಮುಗಿಸಬಹುದು. ಕೊಂದು, ಪಶ್ಚಾತ್ತಾಪ ಆಗಿ, ಹಳೇ ಸೇವ್‌ಗೆ ವಾಪಸ್ ಹೋದರೆ ಆಟದೊಳಗಿನವರೇ ಅದನ್ನು ಎತ್ತಿ ಆಡ್ತಾರೆ. ಅಳಿಸಿದ್ದು ಅಳಿಸಿ ಹೋಗಿರಲ್ಲ.

ನಾಲ್ಕು, ಬಲೆ. ಬರ್ಲಿನ್‌ನ ಯೇಗರ್ ಕಂಪನಿಯ 'ಸ್ಪೆಕ್ ಆಪ್ಸ್: ದಿ ಲೈನ್' (2012) ಮೊದಲಿಗೆ ಮಾಮೂಲಿ ಗುಂಡಿನ ಆಟ. ನಡುವೆ ಬಿಳಿ ರಂಜಕದ ಬಾಂಬು ಹಾಕಿ ಮುಂದೆ ಹೋಗ್ತೀರಿ. ಪರದೆ ಮೇಲೆ ಬರೀ ಬಿಳಿ ಚುಕ್ಕೆಗಳು. ಆಮೇಲೆ ನಡೆದು ಹೋಗಿ ನೋಡಿದರೆ ಸುಟ್ಟು ಸತ್ತವರಲ್ಲಿ ಆಶ್ರಯ ಪಡೆದಿದ್ದ ನಾಗರಿಕರು, ತಾಯಿ, ಮಗು. ಬಾಂಬು ಹಾಕದೆ ಮುಂದೆ ಹೋಗೋಕೆ ಆಟ ಬಿಡಲ್ಲ. ಇದು ಮೋಸ ಅಂತ ಕೆಲವರ ವಾದ. ಆಡೋದನ್ನೇ ನಿಲ್ಲಿಸುವ ಆಯ್ಕೆ ಇತ್ತಲ್ಲ ಅಂತ ಇನ್ನು ಕೆಲವರ ವಾದ. ಬ್ರೆಂಡಾ ರೊಮೆರೊ 2009ರಲ್ಲಿ ಮಾಡಿದ 'ಟ್ರೇನ್' ಎಂಬ ಹಲಗೆ ಆಟವೂ ಹೀಗೇ. ರೈಲು ಡಬ್ಬಿಗಳಲ್ಲಿ ಹಳದಿ ಗೊಂಬೆಗಳನ್ನು ತುಂಬಿ ಸಾಗಿಸಬೇಕು. ಕೊನೆಗೆ ಗೊತ್ತಾಗುತ್ತೆ, ರೈಲು ಮುಟ್ಟಿದ್ದು ಆಶ್ವಿಟ್ಜ್ ಅಂತ. ಚೆನ್ನಾಗಿ ಆಡಿದವನೇ ಹೆಚ್ಚು ಜನರನ್ನು ಕಳಿಸಿರ್ತಾನೆ.

ವಾಲಿ ಕೇಳಿದ ಪ್ರಶ್ನೆ ಇಲ್ಲೇ ಪಕ್ಕದ್ದು

ಇದೆಲ್ಲ ಹೊರದೇಶದ ಮಾತು ಅನ್ನಬೇಡಿ. ನಮ್ಮ ಜಿಲ್ಲೆಯ ಗಂಗಾವತಿ ತಾಲೂಕಿನ ಆನೆಗೊಂದಿ ಸುತ್ತಮುತ್ತಲೇ ರಾಮಾಯಣದ ಕಿಷ್ಕಿಂಧೆ ಅಂತ ಜನರ ನಂಬಿಕೆ. ಅಂಜನಾದ್ರಿ ಬೆಟ್ಟಕ್ಕೆ ಬರುವ ಬಸ್ಸುಗಳು ಒಂದೆರಡಲ್ಲ. ಆದ್ರೆ ಅದೇ ಕಿಷ್ಕಿಂಧೆಯಲ್ಲಿ ಇನ್ನೊಂದು ಘಟನೆ ನಡೆದದ್ದು: ತಮ್ಮನ ಜತೆ ಕಾದಾಡುತ್ತಿದ್ದ ವಾಲಿಗೆ ರಾಮ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು. ವಾಲ್ಮೀಕಿ ರಾಮಾಯಣದಲ್ಲಿ ಸಾಯುವ ವಾಲಿ ಸುಮ್ಮನೆ ಸಾಯಲ್ಲ, ಇದು ಯಾವ ಧರ್ಮ ಅಂತ ರಾಮನನ್ನೇ ಕೇಳ್ತಾನೆ. ರಾಮ ಉತ್ತರ ಕೊಡ್ತಾನೆ. ಆ ಉತ್ತರ ಸಾಕೋ ಸಾಲದೋ ಅಂತ ತಾಳಮದ್ದಳೆ ಕಲಾವಿದರು ಈಗಲೂ ರಾತ್ರಿಯಿಡೀ ವಾದ ಮಾಡ್ತಾರೆ. ದೇವರ ಆಯ್ಕೆಯನ್ನೇ ಪ್ರಶ್ನೆ ಮಾಡುವ ಜಾಗವನ್ನು ನಮ್ಮ ಕಥೆಗಳು ಉಳಿಸಿಕೊಂಡಿದ್ದವು.

ಗೋವಿನ ಹಾಡು ಶಾಲೆಯಲ್ಲಿ ಕೇಳಿ ಅಳದ ಕನ್ನಡದ ಮಗು ಕಡಿಮೆ. ನಾವು ಯಾವಾಗಲೂ ಪುಣ್ಯಕೋಟಿಯ ಸತ್ಯದ ಬಗ್ಗೆ ಮಾತಾಡ್ತೀವಿ. ಆದ್ರೆ ಆ ಕಥೆಯಲ್ಲಿ ನಿಜವಾದ ಸಂಕಟ ಹುಲಿಯದ್ದು. ಹಸಿವು ಅದಕ್ಕೂ ಇತ್ತು, ತಿನ್ನೋದು ಅದರ ಸಹಜ ಗುಣ. ತಿನ್ನಲಾಗದೆ ಬೆಟ್ಟದಿಂದ ಹಾರಿ ಸತ್ತಿತು. 'ಪೇಪರ್ಸ್, ಪ್ಲೀಸ್' ನಮ್ಮನ್ನು ಕೂರಿಸೋದು ಈ ಹುಲಿಯ ಜಾಗದಲ್ಲೇ.

ಇನ್ನು ಆಡು-ಹುಲಿ ಆಟ. ಹಂಪಿಯ ಕಲ್ಲು ಹಾಸುಗಳ ಮೇಲೆ ಇದರ ಮನೆಗಳನ್ನು ಕೊರೆದದ್ದು ಈಗಲೂ ಕಾಣುತ್ತೆ. ಮೂರು ಹುಲಿ, ಹದಿನೈದು ಆಡು. ಒಂದಾಟ ನೀವು ಹುಲಿ ಆದ್ರೆ ಮುಂದಿನ ಆಟ ಆಡು. 2020ರಲ್ಲಿ ಬಂದ 'ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2' ಮಾಡಿದ್ದೂ ಇದನ್ನೇ. ನಿಮಗೆ ಪ್ರೀತಿಯವನನ್ನು ಕೊಂದ ಅಬ್ಬಿ ಎಂಬ ಹೆಣ್ಣುಮಗಳ ಮೇಲೆ ಸೇಡಿಗೆ ಹೊರಟಿರ್ತೀರಿ. ಅರ್ಧ ದಾರಿಯಲ್ಲಿ ಆಟ ನಿಮ್ಮ ಕೈಗೆ ಅಬ್ಬಿಯನ್ನೇ ಕೊಡುತ್ತೆ, ಇನ್ನು ಅವಳಾಗಿ ಆಡು ಅನ್ನುತ್ತೆ. ಇದಕ್ಕೆ ಜಗತ್ತಿನಾದ್ಯಂತ ಎಷ್ಟು ಆಟಗಾರರು ಸಿಟ್ಟಾದರು ಅಂದ್ರೆ, ಅಬ್ಬಿಗೆ ದನಿ ಕೊಟ್ಟ ನಟಿಗೇ ಕೊಲೆ ಬೆದರಿಕೆಗಳು ಬಂದವು. ಆಡಿನ ಕಡೆಯಿಂದ ನೋಡು ಅನ್ನೋದು ಕೆಲವರಿಗೆ ಅಷ್ಟು ಕಷ್ಟ.

ನಾವು ಮಾತಾಡೋದು ನಿಷೇಧದ ಬಗ್ಗೆ ಮಾತ್ರ

ಭಾರತದಲ್ಲಿ ಗೇಮ್ ಅಂದ ಕೂಡಲೇ ಚರ್ಚೆ ಎರಡಕ್ಕೆ ನಿಲ್ಲುತ್ತೆ: ಚಟ ಮತ್ತು ಜೂಜು. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್ ನಿಷೇಧ ಆಯ್ತು. 2021ರಲ್ಲಿ ಅದೇ ಆಟ ಬಿಜಿಎಂಐ ಹೆಸರಲ್ಲಿ ಬಂದಾಗ ರಕ್ತದ ಬಣ್ಣ ಹಸಿರಾಗಿತ್ತು. ರಕ್ತಕ್ಕೆ ಬಣ್ಣ ಬಳಿದರೆ ನೈತಿಕ ಪ್ರಶ್ನೆ ಮುಗೀತು ಅಂತ ನಮ್ಮ ಲೆಕ್ಕ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ತಡೆಯಲು ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು, 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನು ದೇಶಾದ್ಯಂತ ನಿಷೇಧಿಸುವ ಕಾನೂನು ಮಾಡಿತು. ಜೂಜಿನಿಂದ ಮನೆ ಹಾಳಾದವರನ್ನು ಕಂಡಿದ್ದೇನೆ, ಹಾಗಾಗಿ ಅದರ ಚರ್ಚೆ ಬೇಡ ಅನ್ನಲ್ಲ. ಆದ್ರೆ ಆಟವೊಂದು ಏನು ಕಥೆ ಹೇಳುತ್ತೆ, ಯಾರ ಜಾಗದಲ್ಲಿ ನಮ್ಮನ್ನು ನಿಲ್ಲಿಸುತ್ತೆ ಅನ್ನೋ ಮಾತು ಎಲ್ಲೂ ಬರಲ್ಲ.

ನಮ್ಮವರು ಪ್ರಯತ್ನ ಮಾಡಿಲ್ಲ ಅಂತಲ್ಲ. ಕೋಲ್ಕತ್ತಾದ ಕಲಾವಿದೆ ಲೀನಾ ಕೇಜ್ರಿವಾಲ್ 2016ರಲ್ಲಿ 'ಮಿಸ್ಸಿಂಗ್: ಗೇಮ್ ಫಾರ್ ಎ ಕಾಸ್' ಎಂಬ ಮೊಬೈಲ್ ಆಟ ತಂದರು. ಮಾನವ ಕಳ್ಳಸಾಗಣೆಗೆ ಸಿಕ್ಕ ಹುಡುಗಿಯಾಗಿ ನೀವು ಆಡಬೇಕು. ಪೈರೋಡ್ಯಾಕ್ಟಿಲ್ ಗೇಮ್ಸ್ 2014ರಲ್ಲಿ ತಂದ 'ಅನ್‌ರೆಸ್ಟ್' ಬರಗಾಲ ಬಿದ್ದ ಪ್ರಾಚೀನ ಭಾರತದ ಒಂದು ಕಾಲ್ಪನಿಕ ನಗರದ ಕಥೆ. ಕನ್ನಡದಲ್ಲಿ ಇಂಥ ಆಟಗಳ ಬಗ್ಗೆ ಬರೆಯೋದೇ ಕಡಿಮೆ, ಮಾಡೋದು ದೂರದ ಮಾತು.

ಆಯ್ಕೆ ಯಾರ ಕೈಲಿದೆ?

ಒಂದು ತಕರಾರನ್ನು ನಾನೇ ಎತ್ತಬೇಕು. ಈ ಆಟಗಳು ನಮ್ಮನ್ನು ಅಳಿಸಿ, ಒಳ್ಳೆಯವರು ಅನ್ನೋ ಭಾವನೆ ಕೊಟ್ಟು, ಅಲ್ಲಿಗೇ ಬಿಟ್ಟುಬಿಡಬಹುದು. ಬೇರೆಯವರ ಸಂಕಟಕ್ಕೆ ಎರಡು ಗಂಟೆ ಟೂರ್ ಹೋಗಿ ಬಂದ ಹಾಗೆ. ಜತೆಗೆ, ಬಹಳಷ್ಟು ಆಟಗಳಲ್ಲಿ ನಿರ್ಧಾರ ಮಾಡುವವನು ನಾಯಕ. ಯಾರ ಮೇಲೆ ಆ ನಿರ್ಧಾರ ಬೀಳುತ್ತೋ ಅವರು ಸಾಲಿನಲ್ಲಿ ನಿಂತಿರುವ ಮುಖಗಳು ಮಾತ್ರ.

ಮರಕುಂಬಿ ನೆನಪಿಸಿಕೊಳ್ಳಿ. ಗಂಗಾವತಿ ತಾಲೂಕಿನ ಈ ಊರಲ್ಲಿ 2014ರ ಆಗಸ್ಟ್ 28ರಂದು ದಲಿತರ ಮೇಲೆ ಹಲ್ಲೆ ನಡೆದು ಗುಡಿಸಲುಗಳಿಗೆ ಬೆಂಕಿ ಬಿತ್ತು. ಕ್ಷೌರದಂಗಡಿ, ಹೋಟೆಲ್‌ಗಳಲ್ಲಿ ಪ್ರವೇಶ ಇಲ್ಲದ್ದನ್ನು ದಲಿತರು ಪ್ರಶ್ನಿಸಿದ್ದು ಇದರ ಹಿನ್ನೆಲೆ. ಹತ್ತು ವರ್ಷಗಳ ನಂತರ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ಜಿಲ್ಲಾ ನ್ಯಾಯಾಲಯ 98 ಜನರಿಗೆ ಜೀವಾವಧಿ, ಮೂವರಿಗೆ ಐದು ವರ್ಷ ಶಿಕ್ಷೆ ಕೊಟ್ಟಿತು. ಮೇಲ್ಮನವಿ ಹೈಕೋರ್ಟಿಗೆ ಹೋಗಿ ಹೆಚ್ಚಿನವರಿಗೆ ಜಾಮೀನು ಸಿಕ್ಕಿತು.

ಈ ಸೀಮೆಯ ಒಂದು ಕ್ಷೌರದಂಗಡಿಯನ್ನು ಆಟ ಮಾಡಿದರೆ ಹೇಗಿರುತ್ತೆ ಅಂತ ನಾನು ಯೋಚಿಸ್ತಿರ್ತೀನಿ. ಕುರ್ಚಿ ಒಂದು. ಕತ್ತರಿ ಹಿಡಿದವನು ಸ್ವತಃ ಬಡವ. ದಲಿತ ಹುಡುಗನ ತಲೆ ಮುಟ್ಟಿದರೆ ನಾಳೆಯಿಂದ ದೊಡ್ಡ ಓಣಿಯವರು ಬರಲ್ಲ. ಮುಟ್ಟದಿದ್ದರೆ ಅದು ಅಪರಾಧ, ಕಾನೂನಿನ ಕಣ್ಣಲ್ಲೂ, ಮನುಷ್ಯನ ಕಣ್ಣಲ್ಲೂ. ಅವನಾಗಿ ಆಡಿದರೆ ಅದು 'ಪೇಪರ್ಸ್, ಪ್ಲೀಸ್' ಆಗುತ್ತೆ. ಆದ್ರೆ ಅಷ್ಟೇ ಆದರೆ ಸಾಲದು. ಮುಂದಿನ ಆಟದಲ್ಲಿ ಬಾಗಿಲ ಹೊರಗೆ ನಿಂತ ಹುಡುಗನಾಗಿಯೂ ಆಡಬೇಕು. ಅವನ ಪರದೆಯಲ್ಲಿ ಎರಡು ಬಟನ್ ಇರಲ್ಲ, ಕಾಯುವುದು ಒಂದೇ. ಮೂರನೇ ಆಟದಲ್ಲಿ ದೊಡ್ಡ ಓಣಿಯ ಕಟ್ಟೆಯ ಮೇಲೆ ಕೂತವನಾಗಿ ಆಡಬೇಕು. ಆಗ ಗೊತ್ತಾಗುತ್ತೆ: ನಿಯಮ ಮಾಡಿದವನಿಗೆ ಧರ್ಮಸಂಕಟವೇ ಇಲ್ಲ. ಅದನ್ನು ಅವನು ಕೆಳಗಿನವರಿಗೆ ಹಂಚಿ ಆರಾಮಾಗಿ ಕೂತಿರ್ತಾನೆ.

ಹಾಗಾಗಿ ಯಾವುದೇ ಆಟ ನಿಮ್ಮನ್ನು ಅಳಿಸಿದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ನನ್ನ ನಿರ್ಧಾರದ ಬೆಲೆ ಯಾರು ತೆತ್ತರು? ಈ ಎರಡೇ ದಾರಿ ಇರಬೇಕು ಅಂತ ಯಾರು ತೀರ್ಮಾನ ಮಾಡಿದ್ದು? ಮೂರನೇ ದಾರಿ ಇತ್ತಾ?

ಸೇವಾ ಕೇಂದ್ರದಲ್ಲಿ ಮೂರನೇ ದಾರಿ ಇತ್ತು. ಬೆರಳು ಹೊಂದದಿದ್ದರೆ ಕಣ್ಣಿನ ಸ್ಕ್ಯಾನ್ ಮಾಡಬಹುದು. ಆ ಯಂತ್ರ ಬೇರೆ ಕಡೆ ಇತ್ತು, ಒಂದು ಅರ್ಜಿ ಬರೆದು, ಮೇಲಿನವರಿಗೆ ಫೋನ್ ಮಾಡಿ, ಒಂದಿಷ್ಟು ಬೈಸಿಕೊಂಡು ತರಿಸಬೇಕಿತ್ತು. ನನಗೆ ಅದು ಮೊದಲನೇ ದಿನದಿಂದ ಗೊತ್ತಿತ್ತು. ಸಿಸ್ಟಮ್ ತಗೊಳ್ಳಲ್ಲ ಅನ್ನೋದು ಸುಲಭ ಇತ್ತು, ಅದನ್ನೇ ಅಂದೆ, ನಾಲ್ಕು ಸಲ.

ಅಜ್ಜಿ ಐದನೇ ಸಲ ಬಂದಾಗ ಅರ್ಜಿ ಬರೆದೆ. ಬೈಗಳೂ ಬಂತು. ಎರಡು ವಾರ ಹಿಡೀತು, ಕೆಲಸ ಆಯ್ತು. ಆಟ ಆಡಿದ್ದಕ್ಕೇ ನಾನು ಬದಲಾದೆ ಅಂತ ಹೇಳಲ್ಲ, ಹಾಗೆ ಹೇಳಿದರೆ ಅದೂ ಒಂದು ಅಂಕ ಪಡೆಯುವ ಉಪಾಯ. ಅವರು ಮೊದಲ ನಾಲ್ಕು ಸಲ ನಡೆದುಕೊಂಡು ಬಂದು ಹೋದ ದಾರಿ ಹಾಗೇ ಇದೆ. ಹೋಗುವಾಗ "ಪುಣ್ಯಾತ್ಮ ಅದೀಯಪ್ಪಾ" ಅಂದ್ರು. ಆ ಮಾತಿಗೆ ಏನು ಉತ್ತರ ಕೊಡಬೇಕು ಅಂತ ನನಗೆ ಆಗಲೂ ತಿಳೀಲಿಲ್ಲ.